ಪರ್ಯಾಯ ಶಾಲೆಯಲ್ಲಿ ಬೇಸಿಗೆ ಇಂಟರ್ನ್‌ಶಿಪ್: ಶಿವಮೊಗ್ಗದ ಕಾಲೇಜು ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಮುಗಿಯುತ್ತಿದ್ದಂತೆ ಸಹ್ಯಾದ್ರಿ ಕಾಲೇಜಿನವರು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರು, ಇಂಜಿನಿಯರಿಂಗ್, ಬಿ.ಎಡ್., ಕೃಷಿ ಓದುವವರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಹಿಡಿದು ಬರುತ್ತಾರೆ. ಶಿವಮೊಗ್ಗ ನಗರದೊಳಗೆ ನಡೆಯುವ ಸಣ್ಣ ಪರ್ಯಾಯ ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಈ ಉತ್ತರಗಳನ್ನು ಬರೆದಿದೆ. ಶಾಲೆಯಿಂದ ಶಾಲೆಗೆ ಸಮಯ, ನಿಯಮ ಸ್ವಲ್ಪ ಆಚೀಚೆ ಆಗಬಹುದು.

ಪರ್ಯಾಯ ಶಾಲೆ ಅಂದರೆ ಏನು? ಟ್ಯೂಷನ್ ಸೆಂಟರಿಗೂ ಇದಕ್ಕೂ ಏನು ವ್ಯತ್ಯಾಸ?

ಟ್ಯೂಷನ್ ಸೆಂಟರು ಶಾಲೆಯ ಪಾಠವನ್ನೇ ಇನ್ನೊಮ್ಮೆ ಹೇಳುತ್ತದೆ. ಪರ್ಯಾಯ ಶಾಲೆ ಪಾಠದ ಕ್ರಮವನ್ನೇ ಬೇರೆ ಮಾಡಿಕೊಂಡಿರುತ್ತದೆ. ಒಂದೇ ಕೋಣೆಯಲ್ಲಿ 6ರಿಂದ 9 ವರ್ಷದ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ, ಗುಂಪಿಗೆ ಹದಿನೈದು-ಇಪ್ಪತ್ತು ಜನ. ರ‍್ಯಾಂಕ್ ಇಲ್ಲ, ಚಿಕ್ಕ ತರಗತಿಗಳಲ್ಲಿ ಪರೀಕ್ಷೆಯೂ ಇಲ್ಲ. ಶಿಕ್ಷಕರನ್ನು ಮಕ್ಕಳು ಅಕ್ಕ, ಅಣ್ಣ ಎಂದೇ ಕರೆಯುವುದು ರೂಢಿ. ನಿಮಗೂ ಎರಡನೇ ದಿನಕ್ಕೆ ಅದೇ ಹೆಸರು ಬೀಳುತ್ತದೆ.

ಈ ದಾರಿ ಹೊಸತೇನಲ್ಲ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಕಲಿಸುವ ನಯಿ ತಾಲೀಮ್ ವಿಚಾರವನ್ನು ಮುಂದಿಟ್ಟರು. ನಮ್ಮ ರಾಜ್ಯದಲ್ಲೇ ಡೇವಿಡ್ ಹಾರ್ಸ್‌ಬರೊ 1972ರಲ್ಲಿ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಶಾಲೆ ಶುರುಮಾಡಿದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ, ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ನೀವು ಸರ್ಕಾರಿ ಶಾಲೆಯಲ್ಲಿ ಓದಿದವರಾಗಿದ್ದರೆ ಕಲಿಕಾ ಏಣಿ (ಕಲಿಕೆಯ ಮೆಟ್ಟಿಲುಗಳ ಪಟ್ಟಿ), ತಟ್ಟೆ (ಮಕ್ಕಳ ಗುಂಪಿನ ಗುರುತು), ಚಪ್ಪರ (ಮಕ್ಕಳು ಮಾಡಿದ್ದನ್ನು ತೂಗುಹಾಕುವ ದಾರಗಳು) ಎಂಬ ಮಾತು ನೆನಪಿರಬೇಕು. ಹಾಗಿದ್ದರೆ ಪರ್ಯಾಯ ಶಾಲೆಯ ಅರ್ಧ ವ್ಯವಸ್ಥೆ ನಿಮಗೆ ಆಗಲೇ ಗೊತ್ತಿದೆ. ಕಾನ್ವೆಂಟಿನಿಂದ ಬಂದವರಿಗಿಂತ ನೀವು ಬೇಗ ಹೊಂದಿಕೊಳ್ಳುತ್ತೀರಿ.

ಬೇಸಿಗೆಯಲ್ಲಿ ಶಾಲೆಗೇ ರಜೆ. ಮಕ್ಕಳಿಲ್ಲದಾಗ ಇಂಟರ್ನ್ ಬಂದು ಮಾಡುವುದೇನು?

ನ್ಯಾಯವಾದ ಪ್ರಶ್ನೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಆದರೆ ಆ ಏಳು ವಾರ ಶಾಲೆ ಖಾಲಿ ಇರುವುದಿಲ್ಲ.

ಮೊದಲ ಎರಡು-ಮೂರು ವಾರ ಬೇಸಿಗೆ ಶಿಬಿರ. ಬಿಸಿಲಿನ ಕಾರಣಕ್ಕೆ ಬೆಳಿಗ್ಗೆ 9ರಿಂದ 12.30ರವರೆಗೆ ಮಾತ್ರ. ಶಾಲೆಯ ಮಕ್ಕಳ ಜೊತೆ ವಿನೋಬನಗರ, ಗೋಪಾಳ, ದುರ್ಗಿಗುಡಿ ಕಡೆಯ ಬೇರೆ ಶಾಲೆಗಳ ಮಕ್ಕಳೂ ಬರುತ್ತಾರೆ. ನಾಟಕ, ಜೇಡಿಮಣ್ಣು, ಕಥೆ, ಆಟ. ಅರ್ಜಿ ಹಾಕುವವರೆಲ್ಲ ಕಣ್ಣಿಡುವುದು ಈ ಭಾಗದ ಮೇಲೆ.

ಮೇ ಎರಡು, ಮೂರನೇ ವಾರ ಮಕ್ಕಳಿರುವುದಿಲ್ಲ. ಗ್ರಂಥಾಲಯದ ಪುಸ್ತಕ ಎಣಿಸಿ ಹರಿದದ್ದನ್ನು ಅಂಟಿಸುವುದು, ಓದುವ ಕಾರ್ಡು ಬರೆಯುವುದು, ಗಣಿತದ ಮಣಿ, ಕಡ್ಡಿ, ಡಬ್ಬಿಗಳನ್ನು ಲೆಕ್ಕ ಹಾಕಿ ಕಟ್ಟುವುದು, ಹಿಂದಿನ ವರ್ಷದ ಮಕ್ಕಳ ಕಡತ ಓದಿ ಜೋಡಿಸುವುದು, ಇವೆಲ್ಲ ಆಗುವುದು ಆಗಲೇ. ಬೇಸರದ ಕೆಲಸ ಎಂದು ಇದನ್ನು ಬಿಟ್ಟು ಹೋಗುವವರೇ ಹೆಚ್ಚು. ಆದರೆ ಒಂದು ಮಗುವಿನ ಮೂರು ವರ್ಷದ ಬರಹ, ಚಿತ್ರ, ಲೆಕ್ಕದ ಹಾಳೆ ವರಸೆಯಾಗಿ ಮುಂದಿಟ್ಟುಕೊಂಡು ಕೂರುವ ಅವಕಾಶ ವರ್ಷದಲ್ಲಿ ಇನ್ಯಾವಾಗಲೂ ಸಿಗುವುದಿಲ್ಲ. ಶಿಬಿರದಲ್ಲಿ ನೋಡಿದ್ದಕ್ಕೆ ಅರ್ಥ ಹುಟ್ಟುವುದು ಈ ಕಡತಗಳಲ್ಲಿ.

ಮೇ ಕೊನೆಗೆ ಶಾಲೆ ಮತ್ತೆ ತೆರೆಯುತ್ತದೆ. ಹೊಸದಾಗಿ ಸೇರಿದ ಮಕ್ಕಳು ಗೇಟು ಹಿಡಿದು ಅಳುವ ಆ ಮೊದಲ ವಾರ ನಿಮಗೆ ಕಾಲೇಜು ರಜೆ ಉಳಿದಿದ್ದರೆ ದಯವಿಟ್ಟು ತಪ್ಪಿಸಬೇಡಿ.

ಎಷ್ಟು ದಿನ ಇರಬೇಕು? ಎರಡು ವಾರ ಸಾಲದೇ?

ಸಾಲದು. ಯುಜಿಸಿ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಇಂಟರ್ನ್‌ಶಿಪ್ ಅಂದರೆ 30 ಗಂಟೆ. ನಾಲ್ಕು ಕ್ರೆಡಿಟ್ ಬೇಕಿದ್ದರೆ 120 ಗಂಟೆ. ದಿನಕ್ಕೆ 5 ಗಂಟೆ, ವಾರಕ್ಕೆ ಆರು ದಿನ ಎಂದರೆ ಸರಿಯಾಗಿ ನಾಲ್ಕು ವಾರ. ನಿಮ್ಮ ಕಾಲೇಜು ಕೇಳುವ ಗಂಟೆ ಎಷ್ಟೆಂಬುದನ್ನು ವಿಭಾಗದಿಂದ ಬರಹದಲ್ಲಿ ತೆಗೆದುಕೊಂಡು ಬನ್ನಿ. ಪಠ್ಯಕ್ರಮ ಬದಲಾದ ಈ ವರ್ಷಗಳಲ್ಲಿ ಸೀನಿಯರ್‌ಗಳ ಮಾತು ನಂಬಿ ಕೂತರೆ ಕೊನೆಗೆ ಹತ್ತು ಗಂಟೆ ಕೊರತೆ ಬೀಳುತ್ತದೆ.

ನಾಲ್ಕು ವಾರಕ್ಕಿಂತ ಕಡಿಮೆ ಬೇಡ ಎನ್ನಲು ಕ್ರೆಡಿಟ್ಟಿಗಿಂತ ದೊಡ್ಡ ಕಾರಣ ಇದೆ. ಚಿಕ್ಕ ಮಕ್ಕಳು ಹೊಸಬರ ಮುಂದೆ ಮೊದಲ ವಾರ ಒಂದೋ ಮುದುಡಿರುತ್ತಾರೆ, ಇಲ್ಲವೇ ಮೆರೆಯುತ್ತಾರೆ. ಮಾಮೂಲಿನಂತೆ ಇರಲು ಶುರುಮಾಡುವುದೇ ಎರಡನೇ ವಾರದಲ್ಲಿ. ಅಷ್ಟರಲ್ಲಿ ನೀವು ಹೊರಟರೆ ಮಕ್ಕಳನ್ನು ನೋಡಿದ ಹಾಗೇ ಆಗಲಿಲ್ಲ.

ಅರ್ಜಿ ಹಾಕುವುದು ಹೇಗೆ, ಯಾವಾಗ?

ಫೆಬ್ರವರಿಯಲ್ಲಿ. ಮಾರ್ಚ್ ಕೊನೆಗೆ ಬರುವವರಿಗೆ ಸಾಮಾನ್ಯವಾಗಿ ಜಾಗ ಇರುವುದಿಲ್ಲ, ಏಕೆಂದರೆ ಇಪ್ಪತ್ತು ಮಕ್ಕಳ ಗುಂಪಿಗೆ ಇಬ್ಬರಿಗಿಂತ ಹೆಚ್ಚು ಇಂಟರ್ನ್‌ಗಳು ಸೇರಿದರೆ ಕೋಣೆಯಲ್ಲಿ ದೊಡ್ಡವರದೇ ಗದ್ದಲ.

ಕನ್ನಡದಲ್ಲಿ ಒಂದು ಪುಟದ ಪತ್ರ ಬರೆಯಿರಿ. ನೀವು ಏನು ಓದುತ್ತಿದ್ದೀರಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇರಬಲ್ಲಿರಿ, ಕೈಯಲ್ಲಿ ಯಾವ ಕೆಲಸ ಬರುತ್ತದೆ, ಇಷ್ಟು ಸಾಕು. ಬಡಗಿ ಕೆಲಸ, ಹೊಲಿಗೆ, ತಬಲಾ, ಸೈಕಲ್ ರಿಪೇರಿ, ಅಡುಗೆ, ಯಾವುದಾದರೂ ಸರಿ. ‘ಮಕ್ಕಳೆಂದರೆ ನನಗೆ ತುಂಬಾ ಇಷ್ಟ’ ಎಂಬ ಸಾಲು ಪ್ರತಿ ಪತ್ರದಲ್ಲೂ ಇರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಜೊತೆಗೆ ಕಾಲೇಜಿನ ಪತ್ರ, ಗುರುತಿನ ಚೀಟಿಯ ಪ್ರತಿ, ನಿಮ್ಮನ್ನು ಬಲ್ಲ ಒಬ್ಬ ಅಧ್ಯಾಪಕರ ಹೆಸರು. ಪೊಲೀಸ್ ಪರಿಶೀಲನಾ ಪತ್ರ ಕೇಳುವ ಶಾಲೆಗಳಿವೆ, ಕೇಳುವುದೇ ಸರಿ. ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು, ಕೈಗೆ ಬರಲು ವಾರಗಳೇ ಹಿಡಿಯಬಹುದು, ಮೊದಲೇ ಹಾಕಿಡಿ.

ಸೆಮಿಸ್ಟರ್ ಪರೀಕ್ಷೆ ಮುಂದೆ ಹೋಗುವುದು ನಮ್ಮಲ್ಲಿ ಹೊಸ ವಿಷಯವಲ್ಲ. ಮುಂದೆ ಹೋದ ದಿನವೇ ಶಾಲೆಗೆ ತಿಳಿಸಿ. ಶಿಬಿರದ ಹಿಂದಿನ ಸಂಜೆ ಮೆಸೇಜು ಹಾಕಿದರೆ ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಲು ಆಗುವುದಿಲ್ಲ.

ನಾನು ಇಂಜಿನಿಯರಿಂಗ್ / ಬಿ.ಕಾಂ. ಓದುತ್ತಿರುವುದು. ಪಾಠ ಮಾಡಲು ಬರುವುದಿಲ್ಲ. ಪರವಾಗಿಲ್ಲವೇ?

ಒಳ್ಳೆಯದೇ ಆಯಿತು. ಪಾಠ ಮಾಡಲು ಬರುತ್ತದೆ ಎಂದುಕೊಂಡು ಬರುವವರಿಗೆ ಮೊದಲು ಅದನ್ನು ಮರೆಸಬೇಕಾಗುತ್ತದೆ. ಬಿ.ಕಾಂ.ನವರು ಗ್ರಂಥಾಲಯದ ಲೆಕ್ಕ, ಸಾಮಾನಿನ ದಾಸ್ತಾನು ಪುಸ್ತಕ ಸರಿಮಾಡಿಕೊಟ್ಟರೆ ಶಾಲೆ ವರ್ಷವಿಡೀ ನೆನೆಯುತ್ತದೆ.

ಇಂಜಿನಿಯರಿಂಗಿನವರು ಮಕ್ಕಳೊಂದಿಗೆ ಮಳೆಮಾಪಕ ಮಾಡಬಹುದು. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು ಕುತ್ತಿಗೆ ಕತ್ತರಿಸಿ ತಲೆಕೆಳಗಾಗಿ ಅದೇ ಬಾಟಲಿಗೆ ಆಲಿಕೆಯಂತೆ ಕೂರಿಸಿ, ಹೊರಗೆ ಮಿಲಿಮೀಟರ್ ಪಟ್ಟಿ ಅಂಟಿಸುವುದು. ಎಲ್ಲರೂ ತಪ್ಪುವುದು ತಳದಲ್ಲಿ: ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಮೊದಲ ಸೆಂಟಿಮೀಟರ್ ಲೆಕ್ಕ ಕೆಡುತ್ತದೆ. ತಳಕ್ಕೆ ಸಣ್ಣ ಕಲ್ಲು ಹಾಕಿ, ಗೋಡೆ ನೇರವಾಗುವ ಮಟ್ಟಕ್ಕೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಹತ್ತು ವರ್ಷದ ಮಗು ಇದರಿಂದ ಶಾಲೆಯ ಚಾವಣಿಗೆ ಬಿದ್ದ ನೀರನ್ನು ತಾನೇ ಲೆಕ್ಕ ಹಾಕುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಅಜ್ಜಿಯಂದಿರು ಹೇಳುವ ಮಳೆಗಳ ಹೆಸರನ್ನೇ ಕೋಷ್ಟಕದ ಸಾಲುಗಳಾಗಿ ಬರೆಸಿ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ ಆ ಮೂರೂ ಮಳೆ ನಿಮ್ಮ ಇಂಟರ್ನ್‌ಶಿಪ್ ಅವಧಿಯಲ್ಲೇ ಬರುತ್ತವೆ.

ಮೊದಲ ವಾರ ಬರೀ ನೋಡುತ್ತ ಕೂರಲು ಹೇಳುತ್ತಾರಂತೆ. ನಿಜವೇ?

ನಿಜ. ಇಂಟರ್ನ್‌ಶಿಪ್ಪಿನ ತಿರುಳೇ ಅದು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳಬೇಕು.

ದಿನಕ್ಕೆ ಇಬ್ಬರು ಮಕ್ಕಳನ್ನು ಆರಿಸಿಕೊಳ್ಳಿ. ಒಬ್ಬೊಬ್ಬರನ್ನು 20 ನಿಮಿಷ ನೋಡಿ, ಕಂಡದ್ದನ್ನು ಬರೆಯಿರಿ. ಹೆಸರಿನ ಬದಲು ಅಕ್ಷರ ಸಂಕೇತ ಹಾಕಿ. ಗುಣವಾಚಕ ಬಳಸಕೂಡದು ಎಂಬುದೊಂದೇ ನಿಯಮ. ಜಾಣ, ಸೋಮಾರಿ, ಹಟಮಾರಿ, ಚೂಟಿ, ಮಂಕು, ಯಾವುದೂ ಬೇಡ.

‘ಕ ಇವತ್ತು ಲೆಕ್ಕದಲ್ಲಿ ಗಮನ ಕೊಡಲಿಲ್ಲ, ಹಟ ಮಾಡಿದ’ ಎಂದು ಬರೆದರೆ ಓದಿದ ಶಿಕ್ಷಕಿಗೆ ಸಿಗುವುದು ನಿಮ್ಮ ಅಭಿಪ್ರಾಯ ಮಾತ್ರ. ಅದನ್ನೇ ಹೀಗೆ ಬರೆದು ನೋಡಿ: ‘10.20. 13 ಮಣಿ ಎಣಿಸಿ ಇಟ್ಟ. ಏಳು ತೆಗೆದರೆ ಎಷ್ಟು ಉಳಿಯುತ್ತದೆ ಎಂದಾಗ ಏಳು ಮಣಿ ಸರಿಸಿ, ಉಳಿದದ್ದನ್ನು ಒಂದರಿಂದ ಎಣಿಸಿ ಆರು ಎಂದ. ಮಣಿ ಮುಟ್ಟದೆ ಹೇಳು ಎಂದಾಗ ಬೆರಳು ಮಡಚುತ್ತ 13, 12 ಎಂದು ನಿಂತ. ಡಬ್ಬಿ ಮುಚ್ಚಿದ. 10.26ಕ್ಕೆ ಕಿಟಕಿ ಹತ್ತಿರ ಹೋದ.’ ಈಗ ಶಿಕ್ಷಕಿಗೆ ಗೊತ್ತಾಗುತ್ತದೆ: ಹುಡುಗನಿಗೆ ಕಳೆಯುವುದು ಬರುತ್ತದೆ, ಹಿಂದುಹಿಂದಕ್ಕೆ ಎಣಿಸುವುದು ಬರುವುದಿಲ್ಲ. ನಾಳೆ ಮೆಟ್ಟಿಲು ಇಳಿಯುತ್ತ ಎಣಿಸುವ ಆಟ ಆಡಿಸಿದರೆ ಸಾಕು. ನೀವು ಹಟ ಎಂದು ಓದಿದ್ದು ದಾರಿ ಕಾಣದೆ ಎದ್ದು ಹೋದದ್ದು.

ಬರೆಯುವಾಗ ಕೆಡುವುದು ಎರಡು ಕಡೆ. ಸಂಜೆ ಮನೆಗೆ ಹೋಗಿ ಬರೆಯೋಣ ಎಂದು ಬಿಡುವುದು ಮೊದಲನೆಯದು. ನಾಲ್ಕು ಗಂಟೆ ಕಳೆದರೆ ಮಗುವಿನ ಮಾತು ನಿಮ್ಮ ಮಾತಾಗಿ ಬದಲಾಗಿರುತ್ತದೆ. ಮಗುವಿನ ಎದುರಿಗೇ ಪುಸ್ತಕ ಹಿಡಿದು ಗೀಚುವುದು ಎರಡನೆಯದು; ಮಗು ಕೆಲಸ ಬಿಟ್ಟು ನಿಮ್ಮ ಪುಸ್ತಕ ನೋಡುತ್ತದೆ. ಪಕ್ಕದ ಗುಂಪಿನಲ್ಲಿ ಕೂತು, ಅಂಗೈಯಗಲದ ಚೀಟಿಯಲ್ಲಿ ಗುರುತು ಹಾಕಿಕೊಂಡು, ಮಕ್ಕಳು ಹೋದ ಅರ್ಧ ಗಂಟೆಯಲ್ಲಿ ತುಂಬಿಸಿ ಬರೆಯುವುದು ರೂಢಿಯಾಗಬೇಕು. ಈ ವಾರದ ಗಂಟೆಗಳೂ ನಿಮ್ಮ 120ರಲ್ಲಿ ಸೇರುತ್ತವೆ, ಚಿಂತೆ ಬೇಡ.

ಒಂದು ದಿನ ಹೇಗಿರುತ್ತದೆ?

ಎಂಟೂವರೆಗೆ ಬಂದು ಕಸ ಗುಡಿಸುವುದರಿಂದ ಶುರು. ಎಲ್ಲರೂ ಗುಡಿಸುತ್ತಾರೆ, ಮುಖ್ಯಸ್ಥರೂ ಸೇರಿ. ಒಂಬತ್ತಕ್ಕೆ ಮಕ್ಕಳು, ವೃತ್ತದಲ್ಲಿ ಕೂತು ಹಾಡು, ಸುದ್ದಿ. ಆಮೇಲೆ ಗುಂಪು ಕೆಲಸ. ಹನ್ನೊಂದಕ್ಕೆ ಮಜ್ಜಿಗೆ, ಅವಲಕ್ಕಿ ಅಥವಾ ಮಕ್ಕಳು ತಂದ ಹಲಸಿನ ಹಪ್ಪಳ. ಮಧ್ಯಾಹ್ನದ ಮೇಲೆ ದೊಡ್ಡವರ ಸಭೆ, ನಾಳೆಯ ತಯಾರಿ. ಎರಡರ ಹೊತ್ತಿಗೆ ಬಿಡುಗಡೆ. ಮೇ ತಿಂಗಳಲ್ಲಿ ಮೂರು ಗಂಟೆ ಮೇಲೆ ಗುಡುಗು ಮಳೆ ಬಂದು ಕರೆಂಟು ಹೋಗುವುದು ಮಾಮೂಲು, ಪ್ರಿಂಟ್ ತೆಗೆಯುವ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ಎರಡನೇ ವಾರದಿಂದ ಚಟುವಟಿಕೆ ನಡೆಸಬೇಕಂತೆ. ಯಾವುದನ್ನು ಆರಿಸಲಿ?

ಯೂಟ್ಯೂಬಿನಿಂದ ಇಳಿಸಿದ ಕಾಗದದ ಕುಸುರಿ ಬೇಡ. ಊರಿನಲ್ಲಿ ಸಿಗುವುದನ್ನು ಬಳಸಿ. ಎರಡು ಉದಾಹರಣೆ ಕೊಡುತ್ತೇವೆ.

ಚೊಗರಿನ ಬಣ್ಣ. ಹಸಿರಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ ಮಲೆನಾಡಿನ ಮಕ್ಕಳಿಗೆ ಗೊತ್ತಿರುವುದೇ. ಅಡಿಕೆ ಕೊಯ್ಲು ಮುಗಿದಿರುವುದರಿಂದ ಏಪ್ರಿಲ್‌ನಲ್ಲಿ ಹೊಸ ಚೊಗರು ಸಿಗುವುದಿಲ್ಲ, ತೋಟದ ಮನೆಗಳಲ್ಲಿ ಕಾಯಿಸಿ ಇಟ್ಟ ಗಟ್ಟಿ ಚೊಗರು ಕೇಳಬೇಕು. ಒಂದು ಪಾಲಿಗೆ ಮೂರು ಪಾಲು ನೀರು ಸೇರಿಸಿದರೆ ಕುಂಚಕ್ಕೆ ಹದ. ಇನ್ನೊಂದು ಡಬ್ಬಿಯಲ್ಲಿ ಒಂದು ಹಿಡಿ ತುಕ್ಕು ಹಿಡಿದ ಮೊಳೆಗೆ ಒಂದು ಲೋಟ ವಿನೆಗರ್ ಹಾಕಿ ಮೂರು ದಿನ ಇಡಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ಹುಟ್ಟುತ್ತದೆ. ಕೆಂಪು ಚೊಗರಿನಲ್ಲಿ ಬರೆದ ಚಿತ್ರದ ಮೇಲೆ ಈ ಕಬ್ಬಿಣದ ನೀರಿನ ಒಂದು ಹನಿ ಬಿದ್ದರೆ ಅಲ್ಲೇ ಕಪ್ಪಾಗುತ್ತದೆ: ಅಡಿಕೆಯ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದಾಗ ಆಗುವುದು ಅದು, ಹಳೆಯ ಕಾಲದ ಶಾಯಿಯ ಗುಟ್ಟೂ ಇದೇ. ಕಬ್ಬಿಣದ ನೀರಿನ ಡಬ್ಬಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಚೊಗರಿನ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಹಿಂದಿನ ದಿನವೇ ಹಳೆ ಅಂಗಿ ಹಾಕಿ ಕಳಿಸಲು ಮನೆಗಳಿಗೆ ಹೇಳಿ ಕಳಿಸಬೇಕು. ಇದನ್ನು ಮರೆತರೆ ಮಾರನೇ ದಿನ ಗೇಟಿನಲ್ಲಿ ಅಮ್ಮಂದಿರ ಸಾಲು.

ಬೀಜದ ಉಂಡೆ. ಎಲ್ಲರೂ ಮಾಡಿಸುತ್ತಾರೆ, ಹೆಚ್ಚಿನವು ಮೊಳೆಯುವುದಿಲ್ಲ. ಅಳತೆ ಐದು ಪಾಲು ಜೇಡಿಮಣ್ಣು, ಮೂರು ಪಾಲು ಗೊಬ್ಬರ, ಒಂದು ಪಾಲು ಬೀಜ. ಇಪ್ಪತ್ತು ಮಕ್ಕಳು ತಲಾ ಹತ್ತು ಉಂಡೆ ಕಟ್ಟಬೇಕಿದ್ದರೆ ಕಲಸಿದ ಮಣ್ಣು ಸುಮಾರು ಎಂಟು ಕಿಲೋ ಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಮರಳು, ಜಂಬಿಟ್ಟಿಗೆ ಚೂರು ಹೆಚ್ಚಿರುವುದರಿಂದ ಒಣಗಿದ ಉಂಡೆ ಒಡೆಯುತ್ತದೆ. ಪೆನ್ಸಿಲ್ ದಪ್ಪಕ್ಕೆ ಹೊಸೆದು ಬಾಗಿಸಿ ನೋಡಿ; ಬಿರುಕು ಬಿಟ್ಟರೆ ಕೆರೆಗೋಡು ಸೇರಿಸಿ. ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ ನೆರಳಲ್ಲಿ ಎರಡು ದಿನ ಒಣಗಿಸಿ.

ದೊಡ್ಡ ತಪ್ಪು ಬೀಜದ ಆಯ್ಕೆಯಲ್ಲಿ. ಮೇ ತಿಂಗಳಲ್ಲಿ ಕೈಗೆ ಸಿಗುವುದು ಹಲಸು, ಮಾವು, ನೇರಳೆ. ಇವು ಒಣಗಿದರೆ ಸತ್ತೇ ಹೋಗುವ ಬೀಜಗಳು. ಉಂಡೆಯೊಳಗೆ ಒಣಗಿ ಕೂತು ಜೂನ್ ಮಳೆಗೆ ಕೊಳೆಯುತ್ತವೆ. ಅವನ್ನು ತಿಂದ ವಾರದೊಳಗೆ ಮಣ್ಣಿನ ಚೀಲಕ್ಕೆ ಊರಿ ಸಸಿ ಮಾಡಬೇಕು. ಉಂಡೆಗೆ ಹೊನ್ನೆ, ಅಂಟುವಾಳದಂಥವು ಸರಿ, ಅಂಟುವಾಳದ ಸಿಪ್ಪೆ ಗಟ್ಟಿ, ಒಂದು ದಿನ ನೀರಲ್ಲಿ ನೆನೆಸಿ ಹಾಕಿ. ಅಕೇಸಿಯಾ, ಸುಬಾಬುಲ್ ಬೇಗ ಮೊಳೆಯುತ್ತದೆ ಎಂದು ಹಾಕಬೇಡಿ. ಅಕೇಸಿಯಾ ನೆಡುತೋಪಿನ ಜಗಳ ಈ ಜಿಲ್ಲೆಗೆ ಸಾಕಷ್ಟಿದೆ.

ಯಾವ ಚಟುವಟಿಕೆಯಾದರೂ 40 ನಿಮಿಷದ ಲೆಕ್ಕ ಹೀಗಿರಲಿ: ಐದು ನಿಮಿಷ ಹೇಳುವುದು, ಇಪ್ಪತ್ತು ಮಾಡುವುದು, ಹತ್ತು ತೊಳೆದು ಜೋಡಿಸುವುದು, ಐದು ಕೂತು ಮಾತಾಡುವುದು. ಇಂಟರ್ನ್‌ಗಳು ತೊಳೆಯುವ ಹತ್ತು ನಿಮಿಷವನ್ನೇ ನುಂಗಿಹಾಕುತ್ತಾರೆ, ಆಮೇಲೆ ತಾವೇ ಒಬ್ಬರೇ ಒರೆಸುತ್ತಾರೆ. ಕತ್ತರಿ ಮೂರು ಮಕ್ಕಳಿಗೆ ಒಂದಿದ್ದರೆ ಸಾಕು; ಪ್ರತಿಯೊಬ್ಬರಿಗೂ ಕೊಟ್ಟರೆ ಕೋಣೆ ನಿಶ್ಶಬ್ದವಾಗುತ್ತದೆ, ಮಕ್ಕಳ ನಡುವಿನ ಮಾತು ನಿಂತುಹೋಗುತ್ತದೆ.

ಓದಲು ಬಾರದ ಮಗುವಿಗೆ ಸಹಾಯ ಮಾಡುವಂತೆ ಹೇಳಿದರೆ?

ಅ ಆ ಇ ಈ ಇಂದ ಶುರುಮಾಡಬೇಡಿ. ನಲಿ-ಕಲಿಯ ಮೊದಲ ಗುಂಪು ರ, ಗ, ಸ, ದ, ಅ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದಸರ, ಗರಗಸ, ಸರಸರ ಎಲ್ಲ ಹುಟ್ಟುತ್ತವೆ. ಕಾಗುಣಿತ ಬರುವ ಮೊದಲೇ ಮಗು ಒಂದು ಪದ ಓದಿರುತ್ತದೆ. ಆಮೇಲೆ ಎಡವುವ ಜಾಗಗಳು ಗೊತ್ತಿರಲಿ. ವ, ಪ, ಷ ಆಕಾರದಲ್ಲಿ ಬೆರೆತುಹೋಗುತ್ತವೆ. ಅರ್ಕಾವೊತ್ತು ಇನ್ನೊಂದು: ‘ಸೂರ್ಯ’ದಲ್ಲಿ ಕೊನೆಗೆ ಬರೆದ ಅರ್ಕಾವೊತ್ತನ್ನು ‘ಯ’ಕ್ಕಿಂತ ಮೊದಲು ಉಚ್ಚರಿಸಬೇಕು, ಮಗು ಕಣ್ಣಿಗೆ ಕಂಡ ಕ್ರಮದಲ್ಲಿ ‘ಸೂಯರ’ ಎನ್ನುತ್ತದೆ. ಅದು ಕಣ್ಣು ಸರಿಯಾಗಿ ಓದಿದ ತಪ್ಪು.

ಶಿವಮೊಗ್ಗದ ಒಂದು ಗುಂಪಿನಲ್ಲಿ ಮನೆಮಾತು ಉರ್ದು, ತಮಿಳು, ಲಂಬಾಣಿ, ಕೊಂಕಣಿ, ಮರಾಠಿ ಎಲ್ಲ ಇರುತ್ತದೆ. ಮನೆಮಾತಿನಲ್ಲಿ ಉತ್ತರ ಹೇಳಿದ ಮಗುವನ್ನು ‘ಕನ್ನಡದಲ್ಲಿ ಹೇಳು’ ಎಂದು ತಡೆಯಬೇಡಿ. ಮೊದಲು ಉತ್ತರ ಪೂರ್ತಿ ಆಗಲಿ. ಅರ್ಥವಾಗದಿದ್ದರೆ ಪಕ್ಕದ ಮಗುವೇ ದುಭಾಷಿ.

ಮಕ್ಕಳು ಮಾತು ಕೇಳದಿದ್ದರೆ ಸ್ವಲ್ಪ ಗದರಬಹುದೇ?

ಹೊಡೆಯುವುದು, ಚಿವುಟುವುದು, ಬಸ್ಕಿ, ಮೂಲೆಯಲ್ಲಿ ನಿಲ್ಲಿಸುವುದು, ಅಡ್ಡಹೆಸರು ಯಾವುದೂ ಇಲ್ಲ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸುತ್ತದೆ. ಗುಂಪು ಕೈಮೀರಿದರೆ ದನಿ ಏರಿಸುವ ಬದಲು ಮಾಡುತ್ತಿರುವುದನ್ನು ನಿಲ್ಲಿಸಿ. ಹತ್ತರಲ್ಲಿ ಎಂಟು ಸಲ ಕಾರಣ ನಿಮ್ಮ ವಿವರಣೆ ಉದ್ದವಾದದ್ದು, ಇಲ್ಲವೇ ಹಸಿವು.

ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬಹುದೇ?

ಶಿಕ್ಷಕರ ಜೊತೆಯಲ್ಲಿ ಮಾತ್ರ. ಆರೆಂಟು ಮಕ್ಕಳಿಗೆ ಒಬ್ಬ ದೊಡ್ಡವರು, ಮನೆಯವರ ಸಹಿ ಇರುವ ಚೀಟಿ. ಗಾಂಧಿ ಬಜಾರಿನಲ್ಲಿ ತೂಕ-ಬೆಲೆಯ ಲೆಕ್ಕ, ಶಿವಪ್ಪನಾಯಕ ಅರಮನೆಯ ಶಿಲ್ಪಗಳು, ತುಂಗಾ ಭದ್ರಾ ಸೇರುವ ಕೂಡ್ಲಿ, ಇವು ಅರ್ಧ ದಿನದಲ್ಲಿ ಆಗುತ್ತವೆ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಬೆಳಿಗ್ಗೆಯೇ ಹೋಗಬೇಕು, ಆನೆಗಳು ಹೊಳೆಗಿಳಿಯುವುದು ಆಗ. ಮಂಡಗದ್ದೆಗೆ ಬೇಸಿಗೆಯಲ್ಲಿ ಹೋಗಿ ನಿರಾಶರಾಗುವವರು ಬಹಳ. ಅಲ್ಲಿ ಹಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲಿ.

ನೀರಿಗೆ ಇಳಿಸುವುದಿಲ್ಲ. ಮೊಣಕಾಲುದ್ದವೂ ಬೇಡ. ಬೇಸಿಗೆಯಲ್ಲಿ ತುಂಗೆ ಬತ್ತಿದಂತೆ ಕಂಡರೂ ಬಂಡೆಗಳ ನಡುವೆ ಆಳವಾದ ಗುಂಡಿ ಉಳಿದಿರುತ್ತದೆ.

ಕಾಡಿನ ಅಂಚಿಗೂ ಈ ಕಾಲದಲ್ಲಿ ಮಕ್ಕಳ ನಡಿಗೆ ಬೇಡ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಈ ಕಾಯಿಲೆಯ ಹಂಗಾಮು ಚಳಿಗಾಲದಿಂದ ಮೇ ತನಕ. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಮನೆಗೆ ವಾರಾಂತ್ಯಕ್ಕೆ ಹೋಗುವ ಇಂಟರ್ನ್‌ಗಳು ತರಗೆಲೆ ಗುಡಿಸಲು, ಸೌದೆ ತರಲು ಹೋದರೆ ಉದ್ದ ತೋಳಿನ ಅಂಗಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಬಂದ ಕೂಡಲೇ ಬಿಸಿನೀರ ಸ್ನಾನ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಶಾಲೆಗೆ ಬರುವ ಬದಲು ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋದದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಮೊಬೈಲ್, ಫೋಟೋ?

ಫೋನು ಆಫೀಸಿನಲ್ಲಿ. ಮಕ್ಕಳ ಮುಖ ಕಾಣುವ ಫೋಟೋ ನಿಮ್ಮ ಫೋನಿನಲ್ಲಿ ಒಂದೂ ಇರಬಾರದು, ಸ್ಟೇಟಸ್ಸಿನಲ್ಲಂತೂ ಸರ್ವಥಾ ಇಲ್ಲ. ಕಾಲೇಜು ವರದಿಗೆ ಚಿತ್ರ ಬೇಕೆಂದರೆ ಮಕ್ಕಳ ಕೈ, ಅವರು ಮಾಡಿದ ವಸ್ತು, ಬರಹ ತೆಗೆಯಬಹುದು, ಶಾಲೆಯ ಕ್ಯಾಮೆರಾದಲ್ಲಿ. ಶಿಬಿರ ಮುಗಿದ ಮೇಲೆ ಮಕ್ಕಳ ಜೊತೆ ವಾಟ್ಸಾಪ್, ಇನ್‌ಸ್ಟಾಗ್ರಾಮ್ ಸಂಪರ್ಕ ಇಟ್ಟುಕೊಳ್ಳುವಂತಿಲ್ಲ. ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಇರುವಂತಿಲ್ಲ. ಈ ನಿಯಮ ಮಗುವನ್ನು ಕಾಯುವಷ್ಟೇ ನಿಮ್ಮನ್ನೂ ಕಾಯುತ್ತದೆ.

ಮಗು ಮನೆಯಲ್ಲಿ ನಡೆದ ಕೆಟ್ಟ ವಿಷಯ ಹೇಳಿಕೊಂಡರೆ ಏನು ಮಾಡಲಿ?

ಕೇಳಿಸಿಕೊಳ್ಳಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ಆ ಮಾತು ನಿಮಗೆ ಉಳಿಸಿಕೊಳ್ಳಲು ಆಗುವುದಿಲ್ಲ. ಕೆದಕಿ ಕೆದಕಿ ಪ್ರಶ್ನೆ ಹಾಕಬೇಡಿ, ಇನ್ನೊಬ್ಬರ ಮುಂದೆ ಮತ್ತೆ ಹೇಳಿಸಬೇಡಿ. ಮಗು ಬಳಸಿದ ಪದಗಳನ್ನೇ, ಸಮಯ ಹಾಕಿ ಬರೆದು, ಅದೇ ದಿನ ಶಾಲೆಯಲ್ಲಿ ಮಕ್ಕಳ ರಕ್ಷಣೆ ನೋಡಿಕೊಳ್ಳುವವರ ಕೈಗೆ ಕೊಡಿ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ವಿಷಯ ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ, ಇಂಟರ್ನ್ ಎಂಬ ರಿಯಾಯಿತಿ ಇಲ್ಲ. ಮಕ್ಕಳ ಸಹಾಯವಾಣಿ 1098, ಹಗಲೂ ರಾತ್ರಿ. ಊರು ಚಿಕ್ಕದು, ಮಗುವಿನ ಮನೆಯವರನ್ನು ಬಲ್ಲ ನಿಮ್ಮ ಗೆಳೆಯರೂ ಇರಬಹುದು. ಹಾಸ್ಟೆಲಿನಲ್ಲಿ ಹೆಸರಿಲ್ಲದೆ ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ.

ಸ್ಟೈಪೆಂಡ್ ಕೊಡುತ್ತಾರೆಯೇ?

ಸಣ್ಣ ಶಾಲೆಗಳಲ್ಲಿ ಸಾಮಾನ್ಯವಾಗಿ ಇಲ್ಲ. ಕೆಲವು ಕಡೆ ಬಸ್ ಚಾರ್ಜು, ತಿಂಡಿ ಸಿಗುತ್ತದೆ. ಶುಲ್ಕ ಕೇಳುವ ಕಡೆಗೆ ಹೋಗಬೇಡಿ.

ಹೊರಗಿನಿಂದ ಬರುವವರು ಎಲ್ಲಿ ಉಳಿಯುವುದು?

ಕಾಲೇಜು ಹಾಸ್ಟೆಲು, ಸರ್ಕಾರಿ ವಿದ್ಯಾರ್ಥಿನಿಲಯ ರಜೆಯಲ್ಲಿ ಮುಚ್ಚಿರುತ್ತವೆ, ಮುಂಚಿತವಾಗಿ ವಾರ್ಡನ್ ಅನುಮತಿ ಕೇಳಿ. ಭದ್ರಾವತಿಯವರು ದಿನವೂ ಓಡಾಡಬಹುದು. ಸಾಗರ, ತೀರ್ಥಹಳ್ಳಿಯಿಂದ ಓಡಾಡುವುದು ಒಂದು ವಾರದ ಉತ್ಸಾಹ, ಆಮೇಲೆ ಬೆಳಗಿನ ವೃತ್ತಕ್ಕೆ ತಡವಾಗುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಲೆನಾಡಿನ ಹಲವು ಮಾರ್ಗಗಳಲ್ಲಿ ಖಾಸಗಿ ಬಸ್ಸೇ ಹೆಚ್ಚು, ಖರ್ಚಿನ ಲೆಕ್ಕ ಹಾಕುವಾಗ ಹೆಣ್ಣುಮಕ್ಕಳು ಇದನ್ನು ನೆನಪಿಡಿ.

ಬಿ.ಎಡ್. ಓದುವವರಿಗೆ ಇದು ಲೆಕ್ಕಕ್ಕೆ ಬರುತ್ತದೆಯೇ?

ಇಲ್ಲ. ಎರಡು ವರ್ಷದ ಬಿ.ಎಡ್.ಗೆ ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) 2014ರ ನಿಯಮದಂತೆ 20 ವಾರದ ಶಾಲಾ ಇಂಟರ್ನ್‌ಶಿಪ್ ಬೇರೆಯೇ ಇದೆ, ಅದನ್ನು ಕಾಲೇಜೇ ಗೊತ್ತುಮಾಡುತ್ತದೆ.

ಪರೀಕ್ಷೆಯೇ ಇಲ್ಲದಿದ್ದರೆ ಈ ಮಕ್ಕಳು ಎಸ್ಸೆಸ್ಸೆಲ್ಸಿ ಏನು ಮಾಡುತ್ತಾರೆ?

ಪೋಷಕರಿಗಿಂತ ಹೆಚ್ಚಾಗಿ ಇಂಟರ್ನ್‌ಗಳೇ ಕೇಳುವ ಪ್ರಶ್ನೆ! ಕೆಲವರು ಎಂಟನೇ ತರಗತಿಗೆ ಬೇರೆ ಶಾಲೆ ಸೇರಿ ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಉಳಿದವರು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಮಾಡುತ್ತಾರೆ. ಅದಕ್ಕೆ 14 ವರ್ಷ ತುಂಬಿರಬೇಕು, ಐದು ವಿಷಯ, ಅದರಲ್ಲಿ ಭಾಷೆ ಒಂದಾದರೂ ಇರಬೇಕು. ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಪಾಸಾದ ವಿಷಯ ಉಳಿಯುತ್ತದೆ, ನೋಂದಣಿ ಐದು ವರ್ಷ ನಡೆಯುತ್ತದೆ. ನಿಮ್ಮ ರಜೆಯಲ್ಲೇ ಈ ಪರೀಕ್ಷೆ ಬರುವುದರಿಂದ ದೊಡ್ಡ ಮಕ್ಕಳ ಪಕ್ಕ ಕೂತು ಗಣಿತ, ಇಂಗ್ಲಿಷ್ ಓದಿಸುವವರು ಬೇಕಾಗುತ್ತಾರೆ. ಚಿಕ್ಕವರ ಗದ್ದಲಕ್ಕೆ ಹೆದರುವವರು ಈ ಕೆಲಸ ಕೇಳಿ ಪಡೆಯಿರಿ.

ವರದಿ ಹೇಗಿರಬೇಕು? ಸರ್ಟಿಫಿಕೇಟ್ ಯಾವಾಗ ಸಿಗುತ್ತದೆ?

ಸರ್ಟಿಫಿಕೇಟಿನಲ್ಲಿ ದಿನಾಂಕ, ಗಂಟೆ, ಮಾಡಿದ ಕೆಲಸ ಇರುತ್ತದೆ. ‘ಅತ್ಯುತ್ತಮ’ ಎಂದು ಬರೆದುಕೊಡಿ ಎಂದು ಕೇಳಬೇಡಿ. ಮಕ್ಕಳ ಬಗ್ಗೆ ಗುಣವಾಚಕ ಬರೆಯದ ಕಡೆ ನಿಮಗೂ ಸಿಗುವುದಿಲ್ಲ. ಹಾಜರಿ ಪುಸ್ತಕಕ್ಕೆ ಆಯಾ ದಿನವೇ ಸಹಿ ಹಾಕಿಸಿಕೊಳ್ಳಿ. ವರದಿಗೆ ಶಾಲೆಯ ಇತಿಹಾಸ, ಶಿಕ್ಷಣದ ಮಹತ್ವ ಎಂದು ಹತ್ತು ಪುಟ ತುಂಬಿಸುವ ಬದಲು ಇಬ್ಬರು ಮಕ್ಕಳ ನಾಲ್ಕು ವಾರದ ಟಿಪ್ಪಣಿ, ನೀವು ನಡೆಸಿದ ಒಂದು ಚಟುವಟಿಕೆ ಎಲ್ಲಿ ಕೆಟ್ಟಿತು, ಎರಡನೇ ಸಲ ಏನು ಬದಲಿಸಿದಿರಿ, ಇಷ್ಟು ಬರೆಯಿರಿ. ಕಾಲೇಜಿಗೆ ಕೊಡುವ ಮೊದಲು ಶಾಲೆಗೆ ಓದಲು ಕೊಡಬೇಕು, ಮಗುವಿನ ಗುರುತು ಹೊರಬೀಳುವ ಸಾಲುಗಳನ್ನು ಅವರು ತೆಗೆಸುತ್ತಾರೆ.

ಕೊನೆಯ ದಿನ ಏನಾದರೂ ಮಾಡಬೇಕೇ?

ಹೊರಡುವ ದಿನವನ್ನು ಮಕ್ಕಳಿಗೆ ಒಂದು ವಾರ ಮೊದಲೇ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಕೈಯಲ್ಲೇ ಗುರುತು ಹಾಕಿಸಿ. ಒಬ್ಬೊಬ್ಬರಿಗೂ ಉಡುಗೊರೆ, ಚಾಕ್ಲೆಟ್ ತರಬೇಡಿ. ‘ಮತ್ತೆ ಬರುತ್ತೇನೆ’ ಎಂಬ ಮಾತನ್ನು ತಾರೀಖು ಗೊತ್ತಿದ್ದರೆ ಮಾತ್ರ ಹೇಳಿ, ಆರು ವರ್ಷದ ಮಕ್ಕಳು ಅದನ್ನು ನಂಬಿ ಎಣಿಸುತ್ತ ಕೂರುತ್ತಾರೆ. ಟಿಪ್ಪಣಿ ಪುಸ್ತಕದ ಮೂಲ ಪ್ರತಿ ಶಾಲೆಯ ಕಡತಕ್ಕೆ, ಬೀಗದ ಕೈ ಆಫೀಸಿಗೆ, ತೆಗೆದುಕೊಂಡ ಪುಸ್ತಕ ಕಪಾಟಿಗೆ. ಮಳೆಮಾಪಕ ಮಾಡಿದ್ದರೆ ಅದನ್ನು ದಿನವೂ ಓದಿ ಬರೆಯುವ ಕೆಲಸ ಯಾವ ಮಗುವಿಗೆ ಎಂದು ತೀರ್ಮಾನಿಸಿ ಹೋಗಿ; ಜೂನ್ ಮಳೆ ಶುರುವಾಗುವುದು ನೀವು ಹೋದ ಮೇಲೆ.